ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ

ಡಿಸೆಂಬರ್ ಬಂತೆಂದರೆ ನಮ್ಮ ಹಾಸನ ಸೀಮೆಯ ಶಾಲೆಗಳಲ್ಲಿ ಪಾಠಕ್ಕಿಂತ ಪ್ರವಾಸದ ಮಾತೇ ಹೆಚ್ಚು. ಬೆಳಗಿನ ಜಾವ ನಾಲ್ಕಕ್ಕೆ ಶಾಲೆಯ ಮುಂದೆ ಬಸ್ಸು, ಮಂಕಿ ಟೋಪಿ ಹಾಕಿಕೊಂಡ ಮಕ್ಕಳು, ಪುಳಿಯೋಗರೆ ಡಬ್ಬಿ, ಕಿಟಕಿ ಪಕ್ಕದ ಸೀಟಿಗೆ ಜಗಳ. ಅರಕಲಗೂಡಿನಿಂದ ಹೊರಡಲಿ, ಹೊಳೆನರಸೀಪುರದಿಂದ ಹೊರಡಲಿ, ಚನ್ನರಾಯಪಟ್ಟಣದಿಂದ ಹೊರಡಲಿ, ಒಂದು ದಿನದ ಮೈಸೂರು ಪ್ರವಾಸದ ಪಟ್ಟಿ ನಮ್ಮ ಕಾಲದಿಂದಲೂ ಒಂದೇ: ಮೃಗಾಲಯ, ಚಾಮುಂಡಿ ಬೆಟ್ಟ, ಅರಮನೆ, ಶ್ರೀರಂಗಪಟ್ಟಣ, ಕೊನೆಗೆ ಸಂಜೆ ಕನ್ನಂಬಾಡಿಯ ಕಾರಂಜಿ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಮನರಂಜನಾ ಪಾರ್ಕುಗಳೂ ಸೇರಿಕೊಂಡಿವೆ. ಹಗಲೆಲ್ಲ ನೀರಾಟ, ಜೈಂಟ್ ವೀಲು. ಕತ್ತಲಾದ ಮೇಲೆ ಬಣ್ಣದ ದೀಪ, ಹಾಡು, ಕಾರಂಜಿಯ ಪ್ರದರ್ಶನ. ಪ್ರವಾಸ ಮುಗಿಸಿ ಬಂದ ಮಗುವನ್ನು 'ಏನು ನೋಡಿದೆಯಪ್ಪಾ?' ಎಂದು ಕೇಳಿ. ಹುಲಿ, ಸಿಂಹಾಸನ ಎಲ್ಲ ಮರೆತಿರುತ್ತದೆ. ಬಾಯ್ತುಂಬ ಹೇಳುವುದು ಕೊನೆಯ ಆ ಒಂದು ಗಂಟೆಯನ್ನೇ.

ಆ ಒಂದು ಗಂಟೆಯ ಬಗ್ಗೆಯೇ ಈ ಬರಹ.

ನನ್ನ ಅಕ್ಕನ ಮನೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಅವಳ ಮಗನಿಗೆ ಈಗ ಹದಿನೈದು. ಚಿಕ್ಕಂದಿನಿಂದಲೇ ಕಾಲಿನ ಸ್ನಾಯುಗಳಲ್ಲಿ ಬಲವಿಲ್ಲ. ಐದನೇ ತರಗತಿಯ ಹೊತ್ತಿಗೆ ಗಾಲಿಕುರ್ಚಿ ಬಂತು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವನು ಎಂಟನೇ ತರಗತಿಯಲ್ಲಿದ್ದಾಗ ಪ್ರವಾಸದ ಚೀಟಿ ಮನೆಗೆ ಬಂತು. ದುಡ್ಡು ಕಟ್ಟಲು ಹೋದ ಅಕ್ಕನಿಗೆ ಮೇಷ್ಟ್ರು, "ಅವನನ್ನ ಕರ್ಕೊಂಡು ಹೋಗೋದು ಕಷ್ಟ ಆಗುತ್ತಲ್ಲಮ್ಮ, ಅವನಿಗೂ ಆಯಾಸ" ಎಂದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಲವತ್ತೈದು ಮಕ್ಕಳನ್ನು ಮೂರೇ ಜನ ನೋಡಿಕೊಳ್ಳಬೇಕಾದ ಭಯ ಅದು. ಅಕ್ಕ ಹಾಸನಕ್ಕೆ ನನಗೆ ಫೋನು ಮಾಡಿದಳು. "ನೀನು ಜೊತೆಗೆ ಹೋಗ್ತೀಯೇನೋ?" ಹೋದೆ.

ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ನಾನೂ ಡ್ರೈವರೂ ಸೇರಿ ಹುಡುಗನನ್ನು ಎತ್ತಿ ಕೂರಿಸಿದೆವು. ಕುರ್ಚಿಯನ್ನು ಮಡಚಿ ಹಿಂದಿನ ಸೀಟಿನ ಸಂದಿಯಲ್ಲಿ ಇಟ್ಟೆವು. ಹಗಲೆಲ್ಲ ಚೆನ್ನಾಗಿಯೇ ಕಳೆಯಿತು. ಸಂಜೆ ಒಂದು ಪಾರ್ಕಿಗೆ ಹೋದೆವು. ಹೆಸರು ಬೇಡ. ಅಂಥವು ಈಗ ಎಷ್ಟೋ ಇವೆ. ಗೇಟಿನಲ್ಲಿ ಇಳಿಜಾರು ದಾರಿ ಇತ್ತು. ಗೋಡೆಯ ಮೇಲೆ ನೀಲಿ ಬಣ್ಣದ ಗಾಲಿಕುರ್ಚಿ ಚಿತ್ರವೂ ಇತ್ತು. ನನಗೆ ಧೈರ್ಯ ಬಂತು.

ಪ್ರದರ್ಶನದ ಜಾಗಕ್ಕೆ ಬಂದಾಗ ಆ ಧೈರ್ಯ ಕರಗಿತು. ಪ್ರೇಕ್ಷಕರು ಕೂರುವುದು ಮೆಟ್ಟಿಲು ಮೆಟ್ಟಿಲಾದ ಗ್ಯಾಲರಿಯಲ್ಲಿ. ಮಕ್ಕಳೆಲ್ಲ ಕೂಗುತ್ತ ಓಡಿ ಜಾಗ ಹಿಡಿದರು. ನಮ್ಮನ್ನು ಕಾವಲಿನವನು ವಿನಯದಿಂದಲೇ ಒಂದು ಪಕ್ಕಕ್ಕೆ, ಕಬ್ಬಿಣದ ಕಂಬಿಯ ಹಿಂದಕ್ಕೆ ಕರೆದೊಯ್ದ. "ವೀಲ್‌ಚೇರ್‌ನವರಿಗೆ ಇಲ್ಲೇ ಸಾರ್ ಜಾಗ." ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇಲ್ಲ. ನನಗೆ ಕುರ್ಚಿಯೂ ಇಲ್ಲ. ಸ್ನೇಹಿತರು ಇಪ್ಪತ್ತು ಮೀಟರು ದೂರದಲ್ಲಿ ಕೇಕೆ ಹಾಕುತ್ತಿದ್ದರು. ಒಬ್ಬಿಬ್ಬರು ಕೈ ಬೀಸಿದರು. ಇವನೂ ಬೀಸಿದ.

ದೀಪ ಆರಿತು, ಹಾಡು ಶುರುವಾಯಿತು. ಮೊದಲ ಹತ್ತು ನಿಮಿಷ ಕಂಬಿಯ ಸಂದಿಯಿಂದ ಅಷ್ಟಿಷ್ಟು ಕಂಡಿತು. ಆಮೇಲೆ ತಡವಾಗಿ ಬಂದವರು ಕಂಬಿಯ ಮುಂದೆ ನಿಂತರು. ಕೊನೆಯ ಹಾಡು ಬಂದಾಗ ಗ್ಯಾಲರಿಯಲ್ಲಿದ್ದವರೂ ಎದ್ದು ನಿಂತು ಕುಣಿಯತೊಡಗಿದರು. ಅಷ್ಟೂ ಹೊತ್ತು ನನ್ನ ಹುಡುಗನಿಗೆ ಕಂಡದ್ದು ಬೆನ್ನುಗಳು, ಬೆನ್ನುಗಳ ಅಂಚಿನಲ್ಲಿ ಒಮ್ಮೆ ಕೆಂಪು, ಒಮ್ಮೆ ಹಸಿರು. ನಾನು ಎತ್ತಿಕೊಳ್ಳಲೇ ಎಂದೆ. ಬೇಡ ಎಂದು ತಲೆಯಾಡಿಸಿದ. ಎಂಟನೇ ತರಗತಿಯ ಹುಡುಗ ಮಾವನ ಸೊಂಟದ ಮೇಲೆ ಕೂರುತ್ತಾನೆಯೆ?

ರಾತ್ರಿ ಬಸ್ಸಿನಲ್ಲಿ ಎಲ್ಲರೂ ನೋಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಇವನು ನನ್ನ ಭುಜಕ್ಕೆ ಒರಗಿ, "ಮಾವ, ಹಾಡು ಚೆನ್ನಾಗಿತ್ತು ಅಲ್ವಾ?" ಎಂದ. ಅಷ್ಟೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಮ್ಮೂರಿನ ಆಟಗಳಲ್ಲಿ

ತಪ್ಪು ಎಲ್ಲಿದೆ ಎಂದು ಬಹಳ ಯೋಚಿಸಿದೆ. ಒಳಗೆ ಬಿಡಲಿಲ್ಲವೆ? ಬಿಟ್ಟರು. ಜಾಗ ಕೊಡಲಿಲ್ಲವೆ? ಕೊಟ್ಟರು. ಆದರೆ ಪ್ರದರ್ಶನ ಎಂಬುದು ಬಾಗಿಲು ದಾಟಿದರೆ ಸಿಕ್ಕುವ ವಸ್ತುವಲ್ಲ. ಅದು ಕಾಣಬೇಕು. ಜೊತೆಯವರೊಂದಿಗೆ ಕಾಣಬೇಕು. ಈ ಎರಡೂ ಇಲ್ಲದಿದ್ದರೆ ಟಿಕೆಟ್ಟು ಕೊಂಡು ಹೊರಗೆ ನಿಂತ ಹಾಗೆಯೇ.

ಆಮೇಲಿನ ಒಂದು ವರ್ಷ ನಾವಿಬ್ಬರೂ ಬಿಡುವಾದಾಗಲೆಲ್ಲ ಸುತ್ತಿದೆವು. ದೂರವೇನಲ್ಲ, ನಮ್ಮ ತಾಲ್ಲೂಕುಗಳಲ್ಲೇ. ನನ್ನ ಹುಟ್ಟೂರು ಹೊಳೆನರಸೀಪುರ. ಆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಇವತ್ತಿಗೂ 'ಕುರುಕ್ಷೇತ್ರ' ನಾಟಕ ಕಟ್ಟುತ್ತಾರೆ. ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೆ. ಬಯಲಿನಲ್ಲಿ ಸೀನರಿ ಕಟ್ಟಿದ ರಂಗ. ಮುಂದೆ ಚಾಪೆ, ಗೋಣಿತಾಟು, ಕಂಬಳಿ ಹಾಸಿಕೊಂಡ ಜನ. ಹುಡುಗನನ್ನು ಕುರ್ಚಿಯಿಂದ ಇಳಿಸಿ ಚಾಪೆಯ ಮೇಲೆ ದಿಂಬಿಗೆ ಒರಗಿಸಿದೆ. ಅವನ ಅಕ್ಕಪಕ್ಕ ಊರಿನ ಹುಡುಗರು. ಭೀಮ ಗದೆ ಎತ್ತಿದಾಗ ಎಲ್ಲರಿಗೂ ಒಂದೇ ಎತ್ತರದಿಂದ ಕಂಡಿತು. ನೆಲದ ಮೇಲೆ ಕೂತವರಲ್ಲಿ ಯಾರಿಗೆ ಕಾಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಯಾರಿಗೆ ಗೊತ್ತಾಗಬೇಕು? ಅವನು ಕುರ್ಚಿಯಲ್ಲೇ ಕೂತಿದ್ದರೆ ಲೆಕ್ಕ ಬೇರೆ. ಚಾಪೆಯ ಸಭೆಯಲ್ಲಿ ಗಾಲಿಕುರ್ಚಿ ಎತ್ತರವಾಗಿ ಹಿಂದಿನವರಿಗೆ ಅಡ್ಡ. ನಿಂತವರ ಸಭೆಯಲ್ಲಿ ಅದೇ ಕುರ್ಚಿ ತಗ್ಗಾಗಿ ಏನೂ ಕಾಣದು. ಈ ಸಣ್ಣ ಸತ್ಯ ಆ ರಾತ್ರಿ ನನಗೆ ಹೊಳೆಯಿತು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋದೆವು. ಕಾವೇರಿ ದಂಡೆಯ ಈ ಊರು ಸಂಗೀತಗಾರರ ತವರು. ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತೆಗಳ ಧ್ಯಾನಮಂದಿರ ಇಲ್ಲಿದೆ. ಸಂಗೀತ ಕೇಳುವುದಕ್ಕೆ ಕಣ್ಣಿನ ದಾರಿ ಬೇಕಿಲ್ಲ ಎಂದುಕೊಂಡಿದ್ದೆ. ಹುಡುಗ ತಿದ್ದಿದ. "ಮೃದಂಗದವರ ಬೆರಳು ಕಾಣ್ಬೇಕು ಮಾವ."

ಇನ್ನೊಮ್ಮೆ ಚನ್ನರಾಯಪಟ್ಟಣದಲ್ಲಿರುವ ನನ್ನ ಹೆಂಡತಿಯ ತವರಿಗೆ ಹೋದವರು ಶ್ರವಣಬೆಳಗೊಳಕ್ಕೂ ಹೋದೆವು. 58 ಅಡಿಯ ಗೊಮ್ಮಟನನ್ನು ನೋಡಲು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಹತ್ತಲಾಗದವರಿಗೆ ಡೋಲಿ ಇದೆ. ನಾಲ್ಕು ಜನ ಹೆಗಲು ಕೊಟ್ಟು ಹೊತ್ತು ಒಯ್ಯುತ್ತಾರೆ. ಮುದುಕರು, ಕಾಲು ನೋವಿನವರು ಎಷ್ಟೋ ಜನ ಹಾಗೆ ದರ್ಶನ ಪಡೆದಿದ್ದಾರೆ. ಹೊರುವವರ ಉಸಿರು, ಬೆವರು ನೋಡಿ ಹುಡುಗನಿಗೆ ಸಂಕೋಚವಾಯಿತು. ಆದರೂ ಹೋದ, ನೋಡಿದ, ಮಾತಿಲ್ಲದೆ ಹತ್ತು ನಿಮಿಷ ಕೂತ. ಇಳಿದ ಮೇಲೆ ಅವನೆಂದ: "ಬೆಟ್ಟಕ್ಕೆ ಡೋಲಿ ಸರಿ ಮಾವ. ಅದು ಸಾವಿರ ವರ್ಷದ ಹಿಂದಿನದು. ಪಾರ್ಕು ಮೊನ್ನೆ ಮೊನ್ನೆ ಕಟ್ಟಿದ್ದಲ್ವಾ?"

ಇದಕ್ಕಿಂತ ನೇರವಾಗಿ ನಾನು ಹೇಳಲಾರೆ. ಬಂಡೆ ಕಡಿದು ಮಾಡಿದ ಹಳೆಯ ಮೆಟ್ಟಿಲನ್ನು ಸುಲಭವಾಗಿ ಬದಲಿಸಲಾಗದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ಜಗತಿಯ ಮೇಲೂ ಒಡೆದು ಕಟ್ಟುವ ಕೆಲಸ ಮಾಡುವಂತಿಲ್ಲ. ಆದರೆ ನಕ್ಷೆ ಬರೆದು, ಸಿಮೆಂಟು ಸುರಿದು, ದುಡ್ಡು ತೆಗೆದುಕೊಂಡು ತೋರಿಸುವ ಹೊಸ ಪ್ರದರ್ಶನದ ಗ್ಯಾಲರಿಗೆ ಆ ನೆಪವಿಲ್ಲ.

ನಮ್ಮ ಹೊಳೆಯ ನೀರು

ಕಳೆದ ವರ್ಷ ಮೈಸೂರಿಗೆ ನಾವೇ ಹೋದೆವು. ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲು ನನಗೆ ಚಿಕ್ಕಂದಿನ ಗೆಳೆಯ. ಗೊರೂರಿನ ಅಣೆಕಟ್ಟೆಯಿಂದ ಇಳಿದು ಬರುವ ಹೇಮಾವತಿ ನಮ್ಮೂರನ್ನು ಹಾದು, ಮುಂದೆ ಅಕ್ಕಿಹೆಬ್ಬಾಳಿನ ಕಡೆ ಕಾವೇರಿಯನ್ನು ಸೇರುತ್ತದೆ. ಕಾವೇರಿಯೋ, ಹುಡುಗನ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳನ್ನು ಮುಟ್ಟಿ ಬರುತ್ತಾಳೆ. ಅವನೂರಿನ ಹೊಳೆ, ನನ್ನೂರಿನ ಹೊಳೆ ಎರಡೂ ನಿಲ್ಲುವುದು ಕನ್ನಂಬಾಡಿಯಲ್ಲಿ. "ಹಾಗಾದ್ರೆ ಅಲ್ಲಿ ಕುಣಿಯೋದು ನಮ್ಮ ನೀರೇ" ಎಂದ ಹುಡುಗ.

ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಅದರ ಕೆಳಗಿನ ಬೃಂದಾವನ ಉದ್ಯಾನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು. 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಮೊಗಲರ ತೋಟಗಳ ಮಾದರಿಯಲ್ಲಿ ಒಂದರ ಕೆಳಗೊಂದು ಹಂತಗಳು, ನಡುವೆ ಹರಿವ ನೀರು, ಸಾಲು ಚಿಲುಮೆಗಳು. ನಡೆಯುವವನಿಗೆ ಹಂತ ಹಂತವಾಗಿ ಇಳಿಯುವುದೇ ಈ ತೋಟದ ಸೊಗಸು. ಗಾಲಿ ತಳ್ಳುವವನಿಗೆ ಆ ಹಂತಗಳೇ ಯೋಚನೆ. ಸಂಗೀತ ಕಾರಂಜಿ ಇರುವುದು ದೋಣಿವಿಹಾರದ ಕೊಳದಾಚೆ, ಉತ್ತರದ ತುದಿಯಲ್ಲಿ. ಆದ್ದರಿಂದ ಗಾಲಿಕುರ್ಚಿಯವರಿಗೆ ನನ್ನ ಸಲಹೆ ಇಷ್ಟೆ: ಕತ್ತಲಾಗುವ ಮುಂಚೆ, ಬೆಳಕಿರುವಾಗಲೇ ಹೋಗಿ ದಾರಿ ನೋಡಿಕೊಳ್ಳಿ. ಬಂದ ದಾರಿಯಲ್ಲೇ ಕತ್ತಲಲ್ಲಿ, ಸಾವಿರಾರು ಜನರ ನಡುವೆ ವಾಪಸು ಬರಬೇಕು ಎಂಬುದನ್ನು ಮರೆಯಬೇಡಿ. ಎಲ್ಲರಿಗಿಂತ ಮೊದಲು ಹೊರಡುವುದಕ್ಕಿಂತ ಎಲ್ಲರೂ ಹೋದ ಮೇಲೆ ಹೊರಡುವುದು ಲೇಸು. ಮೊದಲು ಹೊರಟರೆ ಕೊನೆಯ ಹಾಡು ತಪ್ಪುತ್ತದೆ.

ಈ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು 2018ರಲ್ಲಿ ಎದ್ದಿತು. 2024ರಲ್ಲಿ ರಾಜ್ಯ ಸಚಿವ ಸಂಪುಟ ಎರಡೂವರೆ ಸಾವಿರ ಕೋಟಿ ರೂಪಾಯಿ ಮೀರಿದ ಅಭಿವೃದ್ಧಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತ ಸಂಘಟನೆಗಳ ವಿರೋಧವೂ ಇದೆ. ಅದು ಬೇಕೆ ಬೇಡವೆ ಎಂಬ ಚರ್ಚೆ ದೊಡ್ಡವರದು. ನನ್ನದು ಸಣ್ಣ ಮಾತು. ಎಲ್ಲಿಯೇ ಆಗಲಿ ಹೊಸ ಗ್ಯಾಲರಿ ಕಟ್ಟುವುದಾದರೆ, ನಕ್ಷೆ ಕಾಗದದ ಮೇಲಿರುವಾಗಲೇ ಗಾಲಿಕುರ್ಚಿಯ ಜಾಗ ಗುರುತಿಸಲಿ. ಕಾಗದದ ಮೇಲೆ ಅದು ಒಂದು ಗೆರೆ. ಕಟ್ಟಿದ ಮೇಲಾದರೆ ಸುತ್ತಿಗೆ, ಹಾರೆ, ಮತ್ತೊಂದು ಟೆಂಡರು.

ಅಂದು ನಮಗೆ ನಿಜವಾದ ಸಂತೋಷ ಕೊಟ್ಟದ್ದು ಅರಮನೆಯ ದೀಪ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಈ ಅರಮನೆ 1912ರಲ್ಲಿ ಮುಗಿಯಿತು. ಭಾನುವಾರ ಮತ್ತು ರಜೆಯ ಸಂಜೆಗಳಲ್ಲಿ ಸುಮಾರು 97 ಸಾವಿರ ಬಲ್ಬುಗಳು ಒಮ್ಮೆಗೇ ಹೊತ್ತುತ್ತವೆ. ಮುಂದೆ ಸಮತಟ್ಟಾದ ವಿಶಾಲ ಅಂಗಳ. ಬೆಳಕು ಎಷ್ಟು ಎತ್ತರದಲ್ಲಿದೆಯೆಂದರೆ ಯಾರು ಮುಂದೆ ನಿಂತರೂ ಮರೆಯಾಗುವುದಿಲ್ಲ. ದೀಪ ಹತ್ತಿದ ಕ್ಷಣ 'ಹೋ' ಎಂಬ ಉದ್ಗಾರ ಎದ್ದಿತಲ್ಲ, ಅದರಲ್ಲಿ ನನ್ನ ಹುಡುಗನ ದನಿಯೂ ಇತ್ತು. ಅವನಿಗಾಗಿ ಅಲ್ಲಿ ವಿಶೇಷವಾಗಿ ಏನೂ ಮಾಡಿರಲಿಲ್ಲ. ನೋಡಬೇಕಾದದ್ದು ಎತ್ತರದಲ್ಲಿತ್ತು, ನಿಲ್ಲಬೇಕಾದದ್ದು ಸಮವಾಗಿತ್ತು. ಅಷ್ಟೇ ಸಾಕಾಗಿತ್ತು.

ಮೂರಡಿ ಜಾಗ, ಒಂದು ಕುರ್ಚಿ

ಬೇರೆ ದೇಶಗಳಲ್ಲಿ ಇದಕ್ಕೆ ಅಳತೆಯನ್ನೇ ಕಟ್ಟಿಟ್ಟಿದ್ದಾರೆ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಕಾನೂನು ಬಂತು. ಅದರಡಿ 2010ರ ನಿಯಮಗಳ ಪ್ರಕಾರ 300 ಆಸನಗಳ ರಂಗಮಂದಿರದಲ್ಲಿ ಕಡಿಮೆಯೆಂದರೆ 5 ಗಾಲಿಕುರ್ಚಿ ಜಾಗ ಇರಬೇಕು, 500 ಆಸನಗಳಿದ್ದರೆ 6. ಒಂದೇ ಕುರ್ಚಿಯ ಜಾಗವಾದರೆ 36 ಅಂಗುಲ, ಅಂದರೆ ಮೂರಡಿ ಅಗಲ. ಪಕ್ಕದಲ್ಲಿ ಜೊತೆಗಾರನಿಗೆ ಒಂದು ಆಸನ. ಪ್ರೇಕ್ಷಕರು ಎದ್ದು ನಿಲ್ಲುವಂಥ ಪ್ರದರ್ಶನವಾದರೆ, ಮುಂದೆ ನಿಂತವರನ್ನು ಮೀರಿ ಗಾಲಿಕುರ್ಚಿಯವನಿಗೆ ಕಾಣುವಂತೆ ಎತ್ತರ ಕೊಡಬೇಕು. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ರಾತ್ರಿಯ ಪ್ರದರ್ಶನಗಳಿಗೆ ಇಂಥ ಜಾಗಗಳನ್ನು ಗುರುತಿಸಿಟ್ಟಿರುತ್ತಾರೆ. ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟ ನೆಲದಿಂದ ನಾಲ್ಕಡಿಯೊಳಗೆ. ನಿಂತವರ ತಲೆ ಐದಡಿ ದಾಟುತ್ತದೆ. ಈ ಒಂದೂವರೆ ಅಡಿಯ ಲೆಕ್ಕ ಗೊತ್ತಿದ್ದವನಷ್ಟೇ ಸರಿಯಾದ ಗ್ಯಾಲರಿ ಕಟ್ಟಬಲ್ಲ.

ನಮ್ಮಲ್ಲೂ ಕಾನೂನು ಇಲ್ಲದಿಲ್ಲ. 1995ರ ಕಾಯ್ದೆಯ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅದು ಶಾಲೆ, ಕೆಲಸಗಳ ಜೊತೆಗೆ ಸಾಂಸ್ಕೃತಿಕ ಬದುಕಿನಲ್ಲೂ ಮನರಂಜನೆಯಲ್ಲೂ ಇತರರಿಗೆ ಸಮನಾಗಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಇಳಿಜಾರು ದಾರಿಗೆ ನಮ್ಮಲ್ಲೂ ಅಳತೆಯಿದೆ: ಒಂದಕ್ಕೆ ಹನ್ನೆರಡು. ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು. ಎಷ್ಟೋ ಕಡೆ ಮೂರು ಮೆಟ್ಟಿಲ ಮೇಲೆ ಹಲಗೆ ಒರಗಿಸಿದಂತೆ ಕಟ್ಟಿರುವುದನ್ನು ನೀವೂ ನೋಡಿರಬಹುದು. ಅದರ ಮೇಲೆ ಕುರ್ಚಿ ಏರದು, ಏರಿದರೆ ಇಳಿಯಲು ಭಯ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರಾತುರಿ ಪ್ರಕರಣದ ತೀರ್ಪಿನಲ್ಲಿ, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯ ನಿಯಮಗಳಾಗಬೇಕು ಎಂದಿತು.

ಹೊರಡುವ ಮುಂಚೆ

ತಂದೆತಾಯಿಗಳಿಗೆ ಒಂದು ಮಾತು. ಮಗು ಗಾಲಿಕುರ್ಚಿಯಲ್ಲಿದೆ ಎಂದು ಪ್ರವಾಸ ತಪ್ಪಿಸಬೇಡಿ. ಆದರೆ ಹೋಗುವ ಜಾಗಕ್ಕೆ ಮುಂಚಿತವಾಗಿ ಫೋನು ಮಾಡಿ. 'ಗಾಲಿಕುರ್ಚಿಗೆ ವ್ಯವಸ್ಥೆ ಇದೆಯೆ?' ಎಂದು ಕೇಳಿದರೆ 'ಇದೆ' ಎಂದೇ ಉತ್ತರ ಬರುತ್ತದೆ. ಹಾಗೆ ಕೇಳಬೇಡಿ. ಪ್ರದರ್ಶನದ ಜಾಗದವರೆಗೆ ಮೆಟ್ಟಿಲಿಲ್ಲದ ದಾರಿ ಇದೆಯೆ, ಮುಂದೆ ಜನ ನಿಂತರೂ ಕಾಣುತ್ತದೆಯೆ, ಪಕ್ಕದಲ್ಲಿ ಇಬ್ಬರು ಗೆಳೆಯರು ಕೂರಬಹುದೆ, ಹತ್ತಿರದಲ್ಲಿ ಕುರ್ಚಿ ಹೋಗುವ ಅಗಲದ ಬಾಗಿಲಿರುವ ಶೌಚಾಲಯ ಇದೆಯೆ ಎಂದು ಬಿಡಿಸಿ ಕೇಳಿ. ಶೌಚಾಲಯದ ಭಯಕ್ಕೆ ಬೆಳಗಿನಿಂದ ನೀರೇ ಕುಡಿಯದ ಮಕ್ಕಳಿದ್ದಾರೆ. ನನ್ನ ಹುಡುಗ ಅವರಲ್ಲೊಬ್ಬ; ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಒಂದು ಟೇಪು, ಒಂದು ಪೆನ್ಸಿಲು ಹಿಡಿದು ನಿಮ್ಮ ಶಾಲೆಯ ರಂಗಮಂದಿರಕ್ಕೋ ಊರಿನ ಸಭಾಂಗಣಕ್ಕೋ ಹೋಗಿ. ಬಾಗಿಲು ಮೂರಡಿ ಇದೆಯೆ? ಇಳಿಜಾರು ಒಂದಕ್ಕೆ ಹನ್ನೆರಡು ಇದೆಯೆ? ಒಂದು ಕುರ್ಚಿ ಹಾಕಿ ಕೂತು, ಮುಂದೆ ಇಬ್ಬರನ್ನು ನಿಲ್ಲಿಸಿ, ರಂಗ ಕಾಣುತ್ತದೆಯೆ ನೋಡಿ. ಗಣಿತದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಖ್ಯೋಪಾಧ್ಯಾಯರಿಗೆ ತೋರಿಸಿ. ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟು ಬೇರೆ ಇಲ್ಲ.

ಇದನ್ನು ನನ್ನ ಹುಡುಗ ಮತ್ತು ಅವನ ಮೂವರು ಗೆಳೆಯರು ಮಾಡಿಯೇ ಬಿಟ್ಟರು. ಈ ಬಾರಿಯ ಶಾಲಾ ವಾರ್ಷಿಕೋತ್ಸವಕ್ಕೆ ವಾರ ಮುಂಚೆ ಅಳತೆ ತೆಗೆದರು. ರಂಗದ ಮುಂದೆ ಜಮಖಾನದ ಮೇಲೆ ಕೂರುವುದು ಚಿಕ್ಕ ತರಗತಿಯ ಮಕ್ಕಳು, ಅವರ ಹಿಂದೆ ಕುರ್ಚಿಯ ಸಾಲು. ಆ ಕುರ್ಚಿಗಳ ಮೊದಲ ಸಾಲಿನಲ್ಲೇ ತುದಿಯ ಎರಡು ಕುರ್ಚಿ ತೆಗೆದರೆ ಗಾಲಿಕುರ್ಚಿಗೆ ಜಾಗವಾಗುತ್ತದೆ, ಮುಂದೆ ಮಕ್ಕಳು ನೆಲದ ಮೇಲೆ ಕೂತಿರುವುದರಿಂದ ಕಾಣುತ್ತದೆ, ಹಿಂದಿನವರಿಗೂ ಅಡ್ಡವಾಗುವುದಿಲ್ಲ ಎಂದು ಲೆಕ್ಕ ಹಾಕಿದರು. ಗೇಟಿನಿಂದ ಅಲ್ಲಿಯವರೆಗೆ ಮೂರಡಿ ದಾರಿ ಬಿಟ್ಟು ಸುಣ್ಣದ ಗೆರೆ ಎಳೆದರು. ಆ ಸಾಲು ಅತಿಥಿಗಳದು ಎಂದರಂತೆ ಮೇಷ್ಟ್ರು. ಅತಿಥಿಗಳು ಆ ತುದಿಗೆ ಕೂರಲಿ, ಈ ತುದಿ ನಮ್ಮ ತರಗತಿಗೆ ಇರಲಿ ಎಂದರಂತೆ ಹುಡುಗರು. ಪ್ರವಾಸ ಕಷ್ಟ ಎಂದಿದ್ದ ಅದೇ ಮೇಷ್ಟ್ರು ನಕ್ಕು ಒಪ್ಪಿದರು.

ನಾನೂ ಹೋಗಿದ್ದೆ. ಹಿಂದೆ, ಪೋಷಕರ ಸಾಲಿನಲ್ಲಿ ಕೂತಿದ್ದೆ. ಕೋಲಾಟ, ನಾಟಕ, ಬಹುಮಾನ ಎಲ್ಲ ಮುಗಿಯುವ ಹೊತ್ತಿಗೆ ಹತ್ತು ಗಂಟೆ. ನಡುನಡುವೆ ಅವನ ಕಡೆ ನೋಡುತ್ತಿದ್ದೆ. ಅವನು ಒಮ್ಮೆಯೂ ನನ್ನನ್ನು ಹುಡುಕಲಿಲ್ಲ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಗುವುದರಲ್ಲೇ ಮುಳುಗಿದ್ದ. ಕೊನೆಗೆ ಎಲ್ಲರೂ ಎದ್ದು ನಿಂತದ್ದು ಜನಗಣಮನಕ್ಕೆ. ಆಗ ನೋಡಲು ರಂಗದ ಮೇಲೆ ಏನೂ ಉಳಿದಿರಲಿಲ್ಲ.